ಕಂಬ ಮುಟ್ಟಿದ ಹುಡುಗಿ

2019ರಲ್ಲಿ ನಾನು ಮಸ್ಕತ್‌ನ ಒಂದು ಕಟ್ಟಡ ಕಂಪನಿಯಲ್ಲಿ ಸೀನಿಯರ್ ಕನ್ಸರ್ವೇಶನ್ ಎಂಜಿನಿಯರ್ ಆಗಿದ್ದೆ. ಹಳೆಯ ಕಟ್ಟಡವನ್ನು ಕೆಡವದೆ, ಅದು ಹುಟ್ಟಿದ ಸಾಮಗ್ರಿಯಿಂದಲೇ ಅದನ್ನು ರಿಪೇರಿ ಮಾಡುವುದು ಈ ಹುದ್ದೆಯ ಕೆಲಸ. ವಿಜಯಪುರ, ಬೀದರ್‌ಗಳ ಗುಮ್ಮಟ ಮತ್ತು ಕೋಟೆಗೋಡೆಗಳ ಮೇಲೆ ಕೈ ಪಳಗಿಸಿಕೊಂಡು ಒಮಾನಿಗೆ ಹೋದವಳು ನಾನು. ಅಲ್ಲಿಯ ಕರಾವಳಿಯ ಮನೆಗಳನ್ನು ಹವಳದ ಕಲ್ಲು ಮತ್ತು ಸಾರೂಜ್‌ನಿಂದ ಕಟ್ಟುತ್ತಿದ್ದರು. ಸಾರೂಜ್ ಎಂದರೆ ಸುಟ್ಟ ಜೇಡಿಮಣ್ಣಿಗೆ ಸುಣ್ಣ ಬೆರೆಸಿದ ಗಾರೆ. ಅದರ ಗುಣ ತಿಳಿದುಕೊಳ್ಳಲು ನನಗೆ ಕೆಲವು ವರ್ಷ ಹಿಡಿಯಿತು. ಅಲ್ಲಿಯ ಮನುಷ್ಯರ ಗುಣ ಅದಕ್ಕಿಂತ ಬೇಗ ತಿಳಿಯಿತು. ಅದರಲ್ಲೂ ಅಲ್ಲಿಗೆ ಬಂದು ನೆಲೆಸಿದ ನಮ್ಮವರ ಗುಣ.

ನನ್ನ ಹೆಸರು ರೆಜಿನಾ ಸಿದ್ದಿ. ಊರು ಹಳಿಯಾಳದ ಹತ್ತಿರ. ನಮ್ಮ ಹಿರಿಯರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ತಂದಿದ್ದರು. ತಪ್ಪಿಸಿಕೊಂಡವರು ಘಟ್ಟ ಹತ್ತಿ ಉತ್ತರ ಕನ್ನಡದ ಕಾಡು ಸೇರಿದರು. ಆಮೇಲೆ ಎಷ್ಟೋ ತಲೆಮಾರು ಕಳೆದು ಹುಟ್ಟಿದವಳು ನಾನು. ಆದರೂ ಮಸ್ಕತ್‌ನ ಅಲ್ ಹೈಲ್‌ನಲ್ಲಿ ನಡೆದ ಒಂದು ರಾಜ್ಯೋತ್ಸವದಲ್ಲಿ ಜರಿ ಪೇಟ ಸುತ್ತಿದ ಹಿರಿಯರೊಬ್ಬರು ನನ್ನ ಹೆಗಲು ತಟ್ಟಿ, "ನಿಮ್ಮ ಕನ್ನಡ ಬಹಳ ಚೆನ್ನಾಗಿದೆಯಲ್ಲ" ಎಂದು ಶಭಾಸ್ ಹೇಳಿದರು. "ನಿಮ್ಮದೂ ಛಲೋ ಐತ್ರಿ" ಅಂದೆ. ಮರುವರ್ಷ ಅದೇ ಸಮಿತಿ ನನಗೆ ಫೋನ್ ಮಾಡಿ, ಉದ್ಘಾಟನೆಗೆ ನಮ್ಮ ಸಿದ್ದಿ ಜನರ ಡಮಾಮಿ ವಾದ್ಯ ಬಾರಿಸಿ ಕುಣಿಯಲು ಬರುವಿರಾ ಎಂದು ಕೇಳಿತು. ಎಂಜಿನಿಯರ್ ಒಬ್ಬಳನ್ನು ಭಾಷಣಕ್ಕೆ ಕರೆಯಬಹುದು ಎಂಬ ಯೋಚನೆ ಅವರಿಗೆ ಬಂದಂತಿರಲಿಲ್ಲ.

ಇದನ್ನೆಲ್ಲ ಮೊದಲೇ ಹೇಳಲು ಕಾರಣವಿದೆ. ಮುಂದೆ ಹೇಳುವ ಪ್ರಕರಣದಲ್ಲಿ ನನ್ನ ಮುಖ ನೋಡಿಯೇ ನನ್ನ ವರದಿಯನ್ನು ಓದಿದವರು ಬಹಳ.

ಆ ವರ್ಷದ ಚಳಿಗಾಲದ ಆರಂಭದಲ್ಲಿ ಒಂದು ಹಳೆಯ ಬಂದರಿನ ಎರಡಂತಸ್ತಿನ ಮನೆಯನ್ನು ಮ್ಯೂಸಿಯಂ ಆಗಿ ಮಾರ್ಪಡಿಸುವ ಕೆಲಸ ನಮ್ಮ ಕಂಪನಿಗೆ ಸಿಕ್ಕಿತು. ಮಸ್ಕತ್‌ನಿಂದ ಆಗ್ನೇಯಕ್ಕೆ ಕಾರಿನಲ್ಲಿ ಎರಡು ಗಂಟೆಯ ದಾರಿ. ಊರಿನ ಹೆಸರು ಹೇಳುವುದಿಲ್ಲ, ಅಲ್ಲಿ ಇನ್ನೂ ಬದುಕಿ ಬಾಳುವವರಿದ್ದಾರೆ. ಮನೆಯನ್ನು ಒಂದು ಖಾಸಗಿ ಸಂಸ್ಥೆ ಗುತ್ತಿಗೆಗೆ ಪಡೆದಿತ್ತು. ಅದರ ಮ್ಯಾನೇಜರ್ ಹಮೂದ್ ಎಂಬ ನಲವತ್ತರ ಒಮಾನಿ, ಹೊರದೇಶದಲ್ಲಿ ಓದಿ ಬಂದವನು. ಯಾವ ಕೋಣೆಯಲ್ಲಿ ಏನು ತೋರಿಸಬೇಕು ಎಂದು ನಿರ್ಧರಿಸಲು ಲಂಡನ್‌ನಿಂದ ನೈಜೆಲ್ ಎಂಬ ಕನ್ಸಲ್ಟೆಂಟ್ ಬಂದಿದ್ದ. ನಮ್ಮ ಕಡೆಯ ಪ್ರಾಜೆಕ್ಟ್ ಮ್ಯಾನೇಜರ್ ಉಡುಪಿ ಕಡೆಯ ರಮಾನಂದ. ಅಲ್ ಅಜೈಬಾದಲ್ಲಿ ಸಂಸಾರ, ಒಳ್ಳೆಯ ಕೆಲಸಗಾರ. ಕ್ಲೈಂಟ್ ಕೆಮ್ಮಿದರೆ ಇವನಿಗೆ ನೆಗಡಿಯಾಗುತ್ತಿತ್ತು, ಅಷ್ಟೇ ದೋಷ.

ಆ ಮನೆಗೆ ಒಂದು ಖ್ಯಾತಿಯಿತ್ತು. ನೂರು ವರ್ಷಕ್ಕೂ ಹಿಂದೆ ಅದು ಬ್ರಿಟಿಷರ ಏಜೆಂಟನ ಮನೆಯಾಗಿತ್ತು. ಹೆಸರಿಗೆ ಅದು ಸುಲ್ತಾನರ ನಾಡು, ಆದರೆ ಕಡಲ ಮೇಲೆ ನಡೆಯುತ್ತಿದ್ದುದು ಬ್ರಿಟಿಷರ ಮಾತು. ಆಫ್ರಿಕಾದಿಂದ ಮನುಷ್ಯರನ್ನು ಹಡಗಿನಲ್ಲಿ ತಂದು ಮಾರುವ ವ್ಯಾಪಾರವನ್ನು ನಿಲ್ಲಿಸುತ್ತೇವೆಂದು ಅವರು ಒಪ್ಪಂದಗಳನ್ನು ಮಾಡಿಕೊಂಡಿದ್ದರು. ಬಂದರಿನಲ್ಲಿ ತಮ್ಮ ಪರವಾಗಿ ಕೂರಲು ಒಬ್ಬ ಏಜೆಂಟನನ್ನು ಇಡುತ್ತಿದ್ದರು. ಅಂಗಳದಲ್ಲಿ ಬಾವುಟದ ಕಂಬ. ಓಡಿ ಬಂದ ಗುಲಾಮ ಆ ಕಂಬವನ್ನು ಮುಟ್ಟಿದರೆ ಸಾಕು, ಅವನಿಗೆ ಬಿಡುಗಡೆ ಎಂದು ಕಥೆ. ಒಮಾನಿನಲ್ಲಿ ಇಂಥ ಕಂಬದ ಕಥೆಯನ್ನು ಪ್ರವಾಸಿಗರಿಗೆಲ್ಲ ಹೇಳುತ್ತಾರೆ. ಕೇಳಿದ ಬ್ರಿಟಿಷರ ಮುಖ ಅರಳುತ್ತದೆ.

ನೈಜೆಲ್‌ನ ಮುಖವೂ ಅರಳಿತ್ತು. ಮ್ಯೂಸಿಯಂಗೆ ಅವನು 'ಬಿಡುಗಡೆಯ ಮನೆ' ಎಂದು ಹೆಸರಿಟ್ಟ. ಅಂಗಳದಲ್ಲಿ ತೇಗದ ಹೊಸ ಕಂಬ. ಬಂದವರು ಅದನ್ನು ಮುಟ್ಟಿ ಫೋಟೊ ತೆಗೆಸಿಕೊಳ್ಳುವುದು. ಅಂಗಳದ ಮೂಲೆಯಲ್ಲಿದ್ದ ನೆಲಮಟ್ಟದ ಕತ್ತಲೆ ಕೋಣೆಯಲ್ಲಿ ಫ್ರೀಡಂ ಕೆಫೆ. ಆ ಕೋಣೆ ಹಿಂದೆ ಖರ್ಜೂರದ ಗೋದಾಮಾಗಿತ್ತು ಎಂದು ಅವನ ಡ್ರಾಯಿಂಗ್‌ನಲ್ಲಿ ಬರೆದಿತ್ತು. ಅಲ್ಲಿಯ ಗೋಡೆಯಲ್ಲಿದ್ದ ಕಬ್ಬಿಣದ ಬಳೆಗಳನ್ನು ಕತ್ತರಿಸಿ ತೆಗೆಯಬೇಕು, ಗೋಡೆಗೆ ನುಣುಪಾದ ಪ್ಲಾಸ್ಟರ್ ಹಾಕಬೇಕು ಎಂಬುದು ನನಗೆ ಬಂದ ಸೂಚನೆ.

ನಾನು ಕೋಣೆಯೊಳಗೆ ಹೋಗಿ ನೋಡಿದೆ. ಖರ್ಜೂರದ ಗೋದಾಮನ್ನು ಒಮಾನಿನಲ್ಲಿ ಯಾರು ಬೇಕಾದರೂ ಗುರುತಿಸಬಲ್ಲರು. ಮೂಟೆಗಳ ಭಾರಕ್ಕೆ ಹಣ್ಣಿನಿಂದ ಇಳಿಯುವ ಪಾಕ ಹರಿದು ಒಂದು ಗುಂಡಿಗೆ ಸೇರುವಂತೆ ನೆಲದಲ್ಲಿ ಸಾಲುಸಾಲು ಕಾಲುವೆ ಕೊರೆದಿರುತ್ತಾರೆ. ಇಲ್ಲಿ ನೆಲ ಮಟ್ಟಸವಾಗಿತ್ತು. ಗೋಡೆ ಎರಡೂವರೆ ಅಡಿ ದಪ್ಪ. ಗಾಳಿಗೆ ಇದ್ದದ್ದು ಸೂರಿನ ಹತ್ತಿರ ಒಂದು ಸೀಳು. ಬಾಗಿಲಿನ ಅಗುಳಿ ಹೊರಗಡೆ. ಒಳಗಿನಿಂದ ಹಾಕಲು ಚಿಲಕವೇ ಇಲ್ಲ. ಬಳೆಗಳು ನೆಲದಿಂದ ಒಂದು ಗೇಣು ಮೇಲೆ. ಆ ಕೋಣೆ ಯಾವುದಕ್ಕೆ ಇತ್ತೆಂದು ತಿಳಿಯಲು ಲಂಡನ್‌ನಿಂದ ಯಾರೂ ಬರಬೇಕಿರಲಿಲ್ಲ. ತಿಳಿಯದಿರಲು ಮಾತ್ರ ಅಷ್ಟು ದೂರದಿಂದ ಬರಬೇಕಿತ್ತು.

ಜುವೈನಾ ಟೀಚರ್ ಬಂದದ್ದು ಅದೇ ವಾರ. ಪಕ್ಕದ ಬೀದಿಯವರು, ಎಂಬತ್ತಕ್ಕೆ ಹತ್ತಿರದ ವಯಸ್ಸು. ಆ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಊರಿನ ಅರ್ಧ ಹೆಂಗಸರು ಅವರ ಶಿಷ್ಯೆಯರು, ಹಾಗಾಗಿ ನಮ್ಮ ವಾಚ್‌ಮನ್‌ಗೂ ಅವರನ್ನು ತಡೆಯಲು ಧೈರ್ಯ ಬರಲಿಲ್ಲ. ಕಪ್ಪು ಮೈಬಣ್ಣ, ನೆಟ್ಟಗಿನ ಬೆನ್ನು. ಸೈಟಿಗೆ ಅಡ್ಡ ಕಟ್ಟಿದ್ದ ಕೆಂಪು ಪಟ್ಟಿಯನ್ನು ಕೈಯಿಂದೆತ್ತಿ, ಬಗ್ಗಿ ಒಳಗೆ ಬಂದು ಕೋಣೆಯ ಬಾಗಿಲಲ್ಲಿ ನಿಂತರು.

"ಇದನ್ನೇನು ಮಾಡುತ್ತೀರಿ?" ಎಂದು ಅರಬ್ಬಿಯಲ್ಲಿ ಕೇಳಿದರು. ನನಗೆ ಅಷ್ಟೊತ್ತಿಗೆ ಅರಬ್ಬಿ ಚೆನ್ನಾಗಿಯೇ ಬರುತ್ತಿತ್ತು.

"ಕಾಫಿ ಅಂಗಡಿ ಅಂತ ಹೇಳಿದ್ದಾರೆ" ಎಂದೆ.

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. "ನೀನು ಎಲ್ಲಿಯವಳು?"

"ಹಿಂದೂಸ್ತಾನ."

"ಪಾಸ್‌ಪೋರ್ಟ್ ಕೇಳಲಿಲ್ಲ, ಮಗಳೇ."

ಪೋರ್ಚುಗೀಸರ ಹಡಗು, ಗೋವೆ, ಹಳಿಯಾಳದ ಕಾಡು, ಎಲ್ಲವನ್ನೂ ನಾಲ್ಕು ಮಾತಿನಲ್ಲಿ ಹೇಳಿದೆ. ಅವರು ತಲೆಯಾಡಿಸಿದರು. ಮರುಕವನ್ನಾಗಲಿ ಆಶ್ಚರ್ಯವನ್ನಾಗಲಿ ತೋರಿಸಲಿಲ್ಲ. ಆ ಕಾರಣಕ್ಕೇ ನನಗೆ ಅವರು ಹಿಡಿಸಿದರು.

"ನಮ್ಮಜ್ಜಿಯನ್ನು ಈ ಕೋಣೆಯಲ್ಲಿ ಇಟ್ಟಿದ್ದರು" ಎಂದು ಹೇಳಿ, ಬಂದ ಹಾಗೆಯೇ ಹೊರಟುಹೋದರು.

ಮರುದಿನ ನಾನು ಒಂದು ಬಳೆಯ ಸುತ್ತ ಗಾರೆಯನ್ನು ಅಂಗೈಯಗಲ, ಆಳದವರೆಗೆ ಬಿಡಿಸಿ ನೋಡಿದೆ. ಕಬ್ಬಿಣವನ್ನು ಗೋಡೆಗೆ ಆಮೇಲೆ ಹೊಡೆದಿದ್ದರೆ ಸುತ್ತಲಿನ ಕಲ್ಲು ಒಡೆದಿರುತ್ತದೆ, ತುಂಬಿದ ಗಾರೆಯ ಬಣ್ಣ ಬೇರೆಯಿರುತ್ತದೆ. ಇಲ್ಲಿ ಬಳೆಯ ಬಾಲ ಗೋಡೆಯೊಳಗೆ ಒಂದು ಮೊಳ ಹೋಗಿ, ಹಿಂದಿನ ಕಲ್ಲನ್ನು ಬಳಸಿ ಬಾಗಿತ್ತು. ಅಂದರೆ ಗೋಡೆ ಏಳುತ್ತಿರುವಾಗಲೇ ಅದನ್ನು ಕೂರಿಸಿದ್ದರು. ಮನೆ ಕಟ್ಟಿಸಿದವನಿಗೆ ಈ ಕೋಣೆ ಯಾಕೆ ಬೇಕೆಂದು ಅಡಿಪಾಯ ಹಾಕುವಾಗಲೇ ಗೊತ್ತಿತ್ತು.

ಸೈಟ್ ಮೀಟಿಂಗ್‌ನಲ್ಲಿ ಇದನ್ನು ಹೇಳಿದೆ. ನೈಜೆಲ್ ನಗುತ್ತ, "ಆಡು ಕಟ್ಟಲು ಇರಬಹುದು" ಎಂದ.

"ಆಡು ಕಟ್ಟಲು ಗೂಟ ಸಾಕು" ಎಂದೆ. "ಗೂಟ ಕಿತ್ತುಕೊಂಡು ಓಡುವ ಮನಸ್ಸು ಮಾಡಿದವರನ್ನು ಕಟ್ಟಲು ಇದು ಬೇಕು. ಇಲ್ಲಿ ಹಿಡಿದಿಟ್ಟವರೊಬ್ಬರ ಮೊಮ್ಮಗಳು ಪಕ್ಕದ ಬೀದಿಯಲ್ಲೇ ಇದ್ದಾರೆ."

ಅವನು ಬೆಚ್ಚುತ್ತಾನೆಂದುಕೊಂಡಿದ್ದೆ. ಅವನು ಖುಷಿಪಟ್ಟ. ಕುರ್ಚಿಯಿಂದ ಮುಂದೆ ಬಾಗಿ, "ಅಂದರೆ ನಮಗೊಬ್ಬ ವಂಶಸ್ಥೆ ಸಿಕ್ಕಿದ್ದಾಳೆ" ಎಂದ. ಸಂತೆಯಲ್ಲಿ ಹೊಂದುವ ಜೋಡೆತ್ತು ಸಿಕ್ಕಿದವನ ದನಿ ಅದು. ಕಂಬದ ಪಕ್ಕದಲ್ಲೊಂದು ಪರದೆ, ಅದರ ಮೇಲೆ ಆಕೆಯ ಮುಖ, ಆಕೆಯ ಬಾಯಲ್ಲೇ ಬಿಡುಗಡೆಯ ಕಥೆ. ಆ ಮೀಟಿಂಗ್ ಮುಗಿಯುವುದರೊಳಗೆ ಅವನು ಕ್ಯಾಮೆರಾ ಎಲ್ಲಿಡಬೇಕು ಎಂಬುದನ್ನೂ ನಿರ್ಧರಿಸಿದ. ಹಮೂದ್ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕುತ್ತಿದ್ದ.

ಒಮಾನಿನಲ್ಲಿ ಗುಲಾಮಗಿರಿಯನ್ನು 1970ರಲ್ಲಿ ಪೂರ್ತಿಯಾಗಿ ರದ್ದು ಮಾಡಿದರು. ಕಾನೂನು ಹೋಯಿತು, ನೆನಪು ಹೋಗಲಿಲ್ಲ. ಯಾರ ಅಜ್ಜ ಯಾರ ಮನೆಯ ಆಳಾಗಿದ್ದ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೆಣ್ಣು ಕೇಳಲು ಬಂದಾಗ ಮಾತ್ರ ಎಲ್ಲರಿಗೂ ನೆನಪಾಗುತ್ತದೆ. ನಮ್ಮ ದೇಶದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ, ನೈಜೆಲ್‌ನ ಕೋರಿಕೆ ಮನೆಗೆ ತಲುಪಿದ ಮೇಲೆ, ಜುವೈನಾ ಟೀಚರ್ ಅವರ ಮಗ ಖಲ್ಫಾನ್ ನನ್ನನ್ನು ಹುಡುಕಿಕೊಂಡು ಬಂದಾಗ ನನಗೆ ಆಶ್ಚರ್ಯವಾಗಲಿಲ್ಲ. ಅವನು ಬಂದರಿನಲ್ಲಿ ಗುಮಾಸ್ತ, ಮೆತ್ತಗಿನ ಮನುಷ್ಯ.

"ಅಮ್ಮ ಕ್ಯಾಮೆರಾ ಮುಂದೆ ಮಾತಾಡುತ್ತೇನೆ ಎನ್ನುತ್ತಿದ್ದಾರೆ" ಎಂದ. "ನನ್ನ ಮಗಳ ಮದುವೆಯ ಮಾತು ನಡೆದಿದೆ. ಒಳ್ಳೆಯ ಕಡೆ. ನೀವು ಬೇಡ ಎಂದರೆ ಅಮ್ಮ ಕೇಳಬಹುದು."

"ನಿಮ್ಮ ಮಾತೇ ಕೇಳದವರು ನನ್ನ ಮಾತು ಕೇಳುತ್ತಾರೆಯೆ?" ಎಂದೆ.

"ನಮ್ಮನ್ನು ಕಂಡರೆ ಜನಕ್ಕೆ ಗೊತ್ತಾಗುವುದಿಲ್ಲವೇ? ಗೊತ್ತು. ಆದರೆ ಗೊತ್ತಿರುವುದು ಬೇರೆ, ಹೇಳುವುದು ಬೇರೆ."

ಅವನು ಹೇಳಿದ್ದು ನಿಜ. ಅಂದು ಸಂಜೆಯೇ ನಾನು ಟೀಚರ್ ಮನೆಗೆ ಹೋಗಿ, ಅವರು ಮಾತಾಡಬೇಕಾಗಿಲ್ಲ, ಗೋಡೆಯೇ ಸಾಕಷ್ಟು ಹೇಳುತ್ತದೆ, ಅದನ್ನು ನಾನು ಬರೆಯುತ್ತೇನೆ ಎಂದೆ. ಅವರು ಖರ್ಜೂರದ ತಟ್ಟೆಯನ್ನು ನನ್ನ ಕಡೆ ಸರಿಸಿದರು.

"ಮೊಮ್ಮಗಳನ್ನು ಕೇಳಿದ್ದೇನೆ" ಎಂದರು. "ಹೇಳಿ ಅಜ್ಜಿ ಎಂದಳು. ಮಗ ಹೆದರುತ್ತಾನೆ. ಹೆದರುವವರ ಸರದಿ ಮುಗಿಯಲಿ ಎಂದು ನಾನು ಬಹಳ ಕಾಲ ಕಾದೆ. ನನಗಿನ್ನು ಕಾಯುವಷ್ಟು ವಯಸ್ಸಿಲ್ಲ."

ಚಿತ್ರೀಕರಣ ಒಂದು ಬೆಳಗ್ಗೆ ಅಂಗಳದಲ್ಲಿ ನಡೆಯಿತು. ಹೊಸ ಕಂಬವನ್ನು ಹಿಂದಿನ ದಿನವೇ ನಿಲ್ಲಿಸಿದ್ದರು, ವಾರ್ನಿಶ್ ವಾಸನೆ ಇನ್ನೂ ಹೋಗಿರಲಿಲ್ಲ. ಟೀಚರ್ ಇಸ್ತ್ರಿ ಮಾಡಿದ ಉಡುಪಿನಲ್ಲಿ, ಪರೀಕ್ಷೆಯ ಮೇಲ್ವಿಚಾರಣೆಗೆ ಬಂದವರಂತೆ ಕುರ್ಚಿಯಲ್ಲಿ ಕೂತರು. ನೈಜೆಲ್ ಎದುರಿಗೆ. ಅನುವಾದಕ್ಕೆ ಹಮೂದ್. ರಮಾನಂದ ಮತ್ತು ನಾನು ಪಕ್ಕದಲ್ಲಿ.

ಅವರು ಮೊದಲಿನಿಂದ ಹೇಳಿದರು. ಅಜ್ಜಿ ಆಫ್ರಿಕಾದ ಒಳನಾಡಿನ ಹುಡುಗಿ, ಮೈನೆರೆಯುವ ಮುಂಚಿನ ವಯಸ್ಸು. ಹಡಗಿನಿಂದ ಇಳಿಸಿದ ಮೇಲೆ ಊರಿನ ಒಬ್ಬ ಸಿರಿವಂತ ಅವಳನ್ನು ಕೊಂಡ. ಅವನಿಗೆ ಖರ್ಜೂರದ ತೋಟಗಳಿದ್ದವು, ದೋಣಿಗಳಿದ್ದವು. ಅದೇ ಮನೆಯಲ್ಲಿದ್ದ ದೊಡ್ಡ ಹೆಂಗಸೊಬ್ಬಳು ಬೆರಳು ಮಾಡಿ ಬಾವುಟದ ಕಂಬವನ್ನು ತೋರಿಸಿ, ಓಡಿ ಹೋಗಿ ಅದನ್ನು ಹಿಡಿದುಕೋ ಎಂದು ಸನ್ನೆಯಲ್ಲೇ ಹೇಳಿದಳು. ನೀರು ತರಲು ಹೋದ ಹುಡುಗಿ ಕೊಡವನ್ನು ದಾರಿಯಲ್ಲಿಟ್ಟು ಓಡಿದಳು. ಅಂಗಳಕ್ಕೆ ಬಂದು ಕಂಬವನ್ನು ಎರಡೂ ಕೈಯಿಂದ ತಬ್ಬಿ ಹಿಡಿದಳು. ಏಜೆಂಟನ ಆಳುಗಳು ಬಂದರು. ಯಾರೂ ಹೊಡೆಯಲಿಲ್ಲ.

ಹಮೂದ್ ಇಂಗ್ಲಿಷಿನಲ್ಲಿ ಹೇಳುತ್ತ ಹೋದ. ನೈಜೆಲ್ ಕಣ್ಣೊರೆಸಿಕೊಂಡ.

"ಆಮೇಲೆ ಆ ಬಾಗಿಲು ತೆಗೆದರು" ಎಂದು ಟೀಚರ್ ಮೂಲೆಯ ಕೋಣೆಯ ಕಡೆ ಕೈ ತೋರಿಸಿದರು. "ವಿಚಾರಣೆ ಮುಗಿಯುವ ತನಕ ಅಲ್ಲಿರಬೇಕು. ಮತ್ತೆ ಓಡಿಹೋಗಬಾರದೆಂದು ಕಾಲಿಗೆ ಕಬ್ಬಿಣ. ಒಳಗೆ ಆಗಲೇ ಮೂವರು ಹೆಂಗಸರಿದ್ದರು. ಅವರ ಯಜಮಾನರು ಬಡವರು, ಒಬ್ಬಳ ಯಜಮಾನ ಸತ್ತೇ ಹೋಗಿದ್ದ. ಆ ಮೂವರಿಗೂ ಬಿಡುಗಡೆಯಾಯಿತು. ಹಡಗು ಹತ್ತಿಸಿ ಬೊಂಬಾಯಿಗೆ ಕಳಿಸಿದರು. ಅಲ್ಲಿ ದೊರೆಗಳ ಮನೆಯಲ್ಲಿ ಪಾತ್ರೆ ತಿಕ್ಕುವ ಬಿಡುಗಡೆ."

ಇಷ್ಟನ್ನು ಅನುವಾದಿಸುವಾಗ ಹಮೂದ್‌ನ ಮಾತು ನಿಧಾನವಾಯಿತು.

"ನಮ್ಮಜ್ಜಿಯ ಯಜಮಾನ ಬಡವನಲ್ಲ. ಅವನ ಕಡೆಯವನು ಬಂದ. ಏಜೆಂಟ ಅವನನ್ನು ಮಹಡಿಗೆ ಕರೆದು, ಅತಿಥಿಗಳ ಕೋಣೆಯಾದ ಮಜ್ಲಿಸಿನಲ್ಲಿ ಕೂರಿಸಿ ಕಾಫಿ ಕೊಟ್ಟ. ಅಜ್ಜಿಯನ್ನು ಮೇಲೆ ಕರೆಸಿದರು. ನಿನ್ನ ಇಷ್ಟದಿಂದಲೇ ಯಜಮಾನನ ಮನೆಗೆ ಹೋಗುತ್ತೀಯಾ ಎಂದು ಏಜೆಂಟ ತನ್ನ ಭಾಷೆಯಲ್ಲಿ ಕೇಳಿದ. ಅಜ್ಜಿಗೆ ಆ ಭಾಷೆ ಬರುತ್ತಿರಲಿಲ್ಲ. ಅರಬ್ಬಿಯೂ ಬರುತ್ತಿರಲಿಲ್ಲ. ಸುಮ್ಮನೆ ನಿಂತಿದ್ದಳು. ಒಪ್ಪಿದಳು ಎಂದು ಬರೆದುಕೊಂಡರು."

"ಏಜೆಂಟ ಯಾವ ಭಾಷೆಯಲ್ಲಿ ಕೇಳಿದ?" ಎಂದು ನಾನು ಕೇಳಿದೆ.

"ನಿಮ್ಮ ಹಿಂದೂಸ್ತಾನದ ಭಾಷೆಯಲ್ಲಿ. ಅವನು ಆ ಕಡೆಯವನೇ. ಬೊಂಬಾಯಿ ಸರ್ಕಾರದ ನಂಬಿಕೆಯ ವ್ಯಾಪಾರಿ. ಅಜ್ಜಿಯನ್ನು ಒಯ್ದು ಹಿಮ್ಮಡಿಯನ್ನು ಸುಟ್ಟರು, ಇನ್ನು ಓಡಬಾರದೆಂದು. ಸಾಯುವ ತನಕ ಅವಳು ಬೆರಳ ತುದಿಯಲ್ಲೇ ನಡೆದಳು. ನಾನು ಸಣ್ಣವಳಿದ್ದಾಗ ಅದು ಕುಣಿತ ಎಂದುಕೊಂಡು ಅವಳ ಹಿಂದೆ ಹಾಗೆಯೇ ನಡೆಯುತ್ತಿದ್ದೆ. ಒಂದು ದಿನ ಅವಳು ನನ್ನನ್ನು ಕೂರಿಸಿ ಪಾದ ತೋರಿಸಿದಳು."

ಹಮೂದ್ ಅನುವಾದ ನಿಲ್ಲಿಸಿ ಎಷ್ಟೋ ಹೊತ್ತಾಗಿತ್ತು. ಫೋನು ನೋಡುತ್ತಿದ್ದ. ಆ ಸಿರಿವಂತನ ಮನೆತನದವರು ಯಾರೆಂದು ಅವನಿಗೆ ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ಉಳಿದದ್ದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ, ಒಂದು ಮಾತನ್ನೂ ಬಿಡದೆ. ರಮಾನಂದ ನೆಲ ನೋಡುತ್ತಿದ್ದ.

ನೈಜೆಲ್ ಕರವಸ್ತ್ರವನ್ನು ಮಡಚಿ ಜೇಬಿಗಿಟ್ಟುಕೊಂಡ. ಕ್ಯಾಮೆರಾದವನಿಗೆ ನಿಲ್ಲಿಸು ಎಂದು ಸನ್ನೆ ಮಾಡಿದ. ಆಮೇಲೆ, ನಾನು ಇಂದಿಗೂ ಮರೆಯದ ಆ ಮಾತು ಹೇಳಿದ.

"ಮೊದಲರ್ಧ ಅದ್ಭುತವಾಗಿದೆ. ನಮಗೆ ಅಷ್ಟು ಸಾಕು."

ಎರಡನೆಯ ಅರ್ಧಕ್ಕೆ ಏನಾಯಿತು ಎಂದು ಕೇಳಿದೆ. ರಜೆಯಲ್ಲಿ ಬರುವ ಜನಕ್ಕೆ ಭರವಸೆ ಬೇಕು, ಮಕ್ಕಳೂ ಬರುತ್ತಾರೆ, ಒಬ್ಬ ಏಜೆಂಟನ ತಪ್ಪಿಗಾಗಿ ಇಡೀ ಒಂದು ಒಳ್ಳೆಯ ಕೆಲಸಕ್ಕೆ ಮಸಿ ಬಳಿಯಬಾರದು ಎಂದ. ಬಹಳ ಸೌಜನ್ಯದಿಂದಲೇ ಹೇಳಿದ. ಅವನ ದೇಶದವರು ಜಗತ್ತಿಗೆ ಕೊಟ್ಟದ್ದರಲ್ಲಿ ಈ ಸೌಜನ್ಯವೇ ಹೆಚ್ಚು ಬಾಳಿಕೆ ಬಂದಿದೆ. ಬಂಧಿಸಿದ ಕೋಣೆಯಲ್ಲಿ ಕಾಫಿ ಮಾರಿ ಅದಕ್ಕೆ ಸ್ವಾತಂತ್ರ್ಯ ಎಂದು ಹೆಸರಿಡುವಾಗಲೂ ದನಿ ಏರುವುದಿಲ್ಲ.

"ಏನೆಂದ?" ಎಂದು ಟೀಚರ್ ಕೇಳಿದರು. ಹಮೂದ್ ಫೋನಿನಿಂದ ತಲೆ ಎತ್ತಲಿಲ್ಲ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವರು ಎದೆಗೆ ಸಿಕ್ಕಿಸಿದ್ದ ಪುಟ್ಟ ಮೈಕನ್ನು ಬಿಚ್ಚಿ ನೈಜೆಲ್‌ನ ಅಂಗೈಯಲ್ಲಿಟ್ಟರು. "ಅಜ್ಜಿಯನ್ನು ಅರ್ಧಕ್ಕೆ ಬಿಟ್ಟವರು ನೀವೇ" ಎಂದು ಅವನ ಮುಖ ನೋಡಿಯೇ ಹೇಳಿದರು. "ಇನ್ನೊಂದು ಸಲ ಬಿಡಲು ನಾನು ಕೊಡುವುದಿಲ್ಲ. ನಾನು ಏನೂ ಹೇಳಿಲ್ಲ ಎಂದು ತಿಳಿದುಕೊಳ್ಳಿ." ಎದ್ದು ಹೋದರು. ಅವರ ಒಪ್ಪಿಗೆಯಿಲ್ಲದೆ ಆ ಚಿತ್ರವನ್ನು ಬಳಸುವ ಹಾಗಿರಲಿಲ್ಲ.

ಮಸ್ಕತ್‌ಗೆ ಹಿಂದಿರುಗುವಾಗ ಕಾರಿನಲ್ಲಿ ರಮಾನಂದ ಮತ್ತು ನಾನು ಇಬ್ಬರೇ. ಊರು ದಾಟಿದ ಮೇಲೆ ಅವನು ಶುರು ಮಾಡಿದ.

"ರೆಜಿನಾ ಮೇಡಂ, ಆ ಕೋಣೆ ಗೋದಾಮು ಅಂತ ಬರೆದ್ರೆ ಮುಗೀತಲ್ಲಾ. ಖಲಾಸ್. ನಮಗೆಂತಕ್ಕೆ ಮಾರಾಯ್ರೆ ಇಲ್ಲದ ಉಸಾಬರಿ?"

"ಗೋದಾಮ ಆಗಿದ್ರ ಬರೀತಿದ್ದೆರಿ."

"ಏಜೆಂಟ್ ಇಂಡಿಯನ್ ಅಂತ ಎಲ್ಲ ಹಾಕ್ಲಿಕ್ಕೆ ಹೋದ್ರೆ ನಮ್ಮ ಜನರದ್ದೇ ಹೆಸರು ಹಾಳಾಗುದು. ನಾವಿಲ್ಲಿ ಅನ್ನ ತಿಂತಾ ಇದ್ದೇವೆ." ಆಮೇಲೆ ಸಮಾಧಾನದ ದನಿಯಲ್ಲಿ, "ನಂಗೆ ಅರ್ಥ ಆಗ್ತದೆ. ಒಂದು ಲೆಕ್ಕದಲ್ಲಿ ಅವರು ನಿಮ್ಮವರಲ್ವಾ. ನಿಮಗೆ ಸ್ವಲ್ಪ ಸೆಂಟಿಮೆಂಟ್ ಇರ್ತದೆ" ಎಂದ.

"ಆ ಲೆಕ್ಕದಾಗ ಏಜೆಂಟ್ ನಿಮ್ಮಾಂವ ಆದನಲ್ರೀ" ಎಂದೆ. "ನಿಮಗೂ ಸ್ವಲ್ಪ ಸೆಂಟಿಮೆಂಟ್ ಐತಿ."

ಉಳಿದ ದಾರಿಯಲ್ಲಿ ಅವನು ರೇಡಿಯೊ ಹಾಕಿಕೊಂಡ.

ಹಳೆಯ ಕಟ್ಟಡಕ್ಕೆ ಕೈ ಹಾಕುವ ಮುನ್ನ ಪ್ರತಿ ಕೋಣೆಯ ಮೂಲ ಉಪಯೋಗ ಏನಿತ್ತೆಂದು ಎಂಜಿನಿಯರ್ ವರದಿ ಬರೆದು ಸರ್ಕಾರದ ಪರಂಪರೆ ಇಲಾಖೆಗೆ ಕೊಡಬೇಕು. ಇಲಾಖೆ ಒಪ್ಪಿದರಷ್ಟೇ ಮುಂದಿನ ಕೆಲಸ. ನಾನು ಬರೆದದ್ದು ಚಿಕ್ಕದು: ಮನುಷ್ಯರನ್ನು ಕೂಡಿಹಾಕಲೆಂದೇ ಕಟ್ಟಿದ ಕೋಣೆ. ಕಾರಣಗಳಾಗಿ ನೆಲ, ಅಗುಳಿ, ಗಾಳಿಸೀಳು, ಬಳೆಯ ಬಾಲದ ಫೋಟೊ. ಟೀಚರ್ ಹೇಳಿದ ಒಂದು ಮಾತನ್ನೂ ಅದರಲ್ಲಿ ಸೇರಿಸಲಿಲ್ಲ, ಅದು ಅವರ ಸ್ವತ್ತು. ರಮಾನಂದ ಅದನ್ನು ತಿದ್ದಿ 'ಬಹುಶಃ ದಾಸ್ತಾನು ಕೋಣೆ' ಎಂದು ಮಾಡಿ, ಸಹಿಗೆ ನನ್ನ ಮೇಜಿನ ಮೇಲಿಟ್ಟ. ನಾನು ಸಹಿ ಹಾಕಲಿಲ್ಲ. ನನ್ನ ಮೂಲ ವರದಿಯನ್ನು ನನ್ನ ಹೆಸರಿನಲ್ಲೇ ಇಲಾಖೆಗೆ ಕಳಿಸಿದೆ, ಪ್ರತಿಯನ್ನು ಅವನಿಗೂ ಹಮೂದ್‌ಗೂ ಕಳಿಸಿದೆ. ಕದ್ದು ಮಾಡುವ ಕೆಲಸ ಅದಾಗಿರಲಿಲ್ಲ.

ಮರುದಿನವೇ ನನ್ನನ್ನು ಆ ಪ್ರಾಜೆಕ್ಟಿನಿಂದ ತೆಗೆದರು. ವಾದಿ ಕಬೀರ್‌ನ ಗ್ಯಾರೇಜುಗಳ ಸೋರುವ ಛಾವಣಿಗಳನ್ನು ನೋಡಿಕೊಂಡು ಬಾ ಎಂದು ಕಳಿಸಿದರು. ಕೆಲಸ ಹೋಗಬಹುದೆಂಬ ಹೆದರಿಕೆ ಇತ್ತು, ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೆಲಸ ಹೋದರೆ ವೀಸಾ ಹೋಗುತ್ತದೆ, ಗಂಟು ಕಟ್ಟಬೇಕಾಗುತ್ತದೆ. ಕಚೇರಿಯಲ್ಲಿ ಜೊತೆಗೆ ಚಹಾ ಕುಡಿಯುತ್ತಿದ್ದವರಿಗೆ ಇದ್ದಕ್ಕಿದ್ದಂತೆ ಚಹಾ ಸೇರದಾಯಿತು. ಅವರಲ್ಲಿ ವಿಜಯಪುರದವನೊಬ್ಬ, ಬಸವಣ್ಣನವರ ವಚನವನ್ನು ಇಮೇಲ್‌ನ ಕೆಳಗೆ ಹಾಕಿಕೊಳ್ಳುತ್ತಿದ್ದವನು, ಲಿಫ್ಟಿನಲ್ಲಿ ನನ್ನನ್ನು ಕಂಡು ಮೆಟ್ಟಿಲು ಹಿಡಿದ. ನಾಲ್ಕನೇ ಮಹಡಿ, ಮೊಣಕಾಲು ನೋವಿನ ಮನುಷ್ಯ. ಪಾಪ ಎನ್ನಿಸಲಿಲ್ಲ.

ಸುಮಾರು ಒಂದು ತಿಂಗಳ ಮೇಲೆ ಇಲಾಖೆಯಿಂದ ಕರೆ ಬಂತು. ಅಲ್ಲಿಯ ಎಂಜಿನಿಯರ್ ಒಬ್ಬ ಒಮಾನಿ ಹೆಂಗಸು, ನನಗಿಂತ ಬಹಳ ಚಿಕ್ಕವಳು. ನನ್ನನ್ನು ಸೈಟಿಗೆ ಕರೆಸಿಕೊಂಡಳು. ಟಾರ್ಚ್ ಹಿಡಿದು ಬಳೆಯ ಬಾಲವನ್ನು ನೋಡಿದಳು. ಹೊರಬಂದು ಅಗುಳಿಯನ್ನು ಎಳೆದು ನೋಡಿದಳು. ಹಮೂದ್ ಏನೋ ವಿವರಿಸಲು ಹೊರಟಾಗ, "ನಿಮಗೆ ಎಂಜಿನಿಯರಿಂಗ್ ಗೊತ್ತೆ?" ಎಂದು ಕೇಳಿದಳು. ಗೊತ್ತಿಲ್ಲ ಎಂದ. "ಹಾಗಾದರೆ ಇವರು ಹೇಳಲಿ" ಎಂದಳು. ನಾನು ಹೇಳಿದೆ. ಅವಳು ಏನೂ ಮಾತು ಕೊಡದೆ ಹೋದಳು.

ಆದೇಶ ಬಂತು. ಕೋಣೆಯನ್ನು ಇದ್ದಂತೆಯೇ ಉಳಿಸಬೇಕು, ಬಳೆಗಳನ್ನು ಮುಟ್ಟಬಾರದು, ಪ್ಲಾಸ್ಟರ್ ಹಾಕಬಾರದು, ಒಳಗೆ ವ್ಯಾಪಾರ ನಡೆಸಬಾರದು. ಜನರಿಗೆ ನೋಡಲು ತೆರೆದಿಡಬೇಕು. ಏನೆಂದು ಬರೆದು ಬೋರ್ಡು ಹಾಕಬೇಕು ಎಂಬ ವಿಷಯದಲ್ಲಿ ಆದೇಶ ಮೌನವಾಗಿತ್ತು. ಹಾಗಾಗಿ ಸಂಸ್ಥೆ ಬೋರ್ಡೇ ಹಾಕಲಿಲ್ಲ. ಬಾಯಿ ಮುಚ್ಚಿಕೊಳ್ಳಲು ಸಿಕ್ಕ ಯಾವ ಸಂದಿಯನ್ನೂ ಈ ಜನ ವ್ಯರ್ಥ ಮಾಡುವುದಿಲ್ಲ.

ಕೆಫೆಯನ್ನು ಮಹಡಿಗೆ ಸಾಗಿಸಿದರು, ಏಜೆಂಟನ ಮಜ್ಲಿಸಿಗೆ. ಸಮುದ್ರದ ಗಾಳಿ, ಒಳ್ಳೆಯ ಬೆಳಕು. ಯಜಮಾನನ ಕಡೆಯವನಿಗೆ ಕಾಫಿ ಕೊಟ್ಟದ್ದು ಅಲ್ಲಿಯೇ. ನೈಜೆಲ್‌ಗೆ ಇದು ಹೊಳೆಯಿತೋ ಇಲ್ಲವೋ ತಿಳಿಯದು. ಅವನು ಅಂಗಳದ ಪರದೆಯಲ್ಲಿ ಯಾರೋ ನಟಿಯ ದನಿಯಿಂದ ಹೆಸರಿಲ್ಲದ ಒಬ್ಬ ಹುಡುಗಿಯ ಕಥೆ ಹೇಳಿಸಿದ. ಹುಡುಗಿ ಕಂಬ ಮುಟ್ಟುತ್ತಾಳೆ, ಸಂಗೀತ ಏರುತ್ತದೆ, ಪರದೆ ಬೆಳ್ಳಗಾಗುತ್ತದೆ. ಉದ್ಘಾಟನೆಯ ಫೋಟೊದಲ್ಲಿ ಅವನೂ ಹಮೂದ್ ರಮಾನಂದರೂ ಕಂಬವನ್ನು ಮುಟ್ಟಿಕೊಂಡು ನಿಂತಿದ್ದಾರೆ. ಮೂವರಿಗೂ ಬಿಡುಗಡೆ ಸಿಕ್ಕಂತೆ ಕಾಣುತ್ತದೆ.

ಖಲ್ಫಾನ್ ಮಗಳ ಮದುವೆಯ ಮಾತು ಮುರಿದುಬಿತ್ತು. ಟೀಚರ್ ಕ್ಯಾಮೆರಾ ಮುಂದೆ ಹೇಳಿದ ಕಥೆಯನ್ನು ಬಳಸಲಿಲ್ಲವಾದರೂ ಆ ಅಂಗಳದಲ್ಲಿದ್ದ ಯಾರದ್ದೋ ಬಾಯಿಂದ ಅದು ಬೇಕಾದ ಮನೆಗೆ ತಲುಪಿತ್ತು. ಗಂಡಿನ ಕಡೆಯವರು ಕಾರಣ ಹೇಳಲಿಲ್ಲ, ಬರುವುದನ್ನು ನಿಲ್ಲಿಸಿದರು. ನಾನು ಟೀಚರ್‌ಗೆ ಫೋನ್ ಮಾಡಿದಾಗ ಅವರ ದನಿ ಕುಗ್ಗಿತ್ತು. "ಹುಡುಗಿ ಎರಡು ದಿನ ಅತ್ತಳು" ಎಂದರು. "ಆಮೇಲೆ, ಅಜ್ಜಿ, ಹೇಳಿದ್ದು ತಪ್ಪಲ್ಲ, ಕೇಳಿಸಿಕೊಂಡವರು ಸಾಲಲಿಲ್ಲ ಎಂದಳು."

ಮ್ಯೂಸಿಯಂ ತೆರೆದ ಕೆಲವು ವಾರದ ಮೇಲೆ ಟೀಚರ್ ನನ್ನನ್ನು ಬರಹೇಳಿದರು. ನಾನು ಹೋದಾಗ ಟಿಕೆಟ್ ಕಿಟಕಿಯ ಮುಂದೆ ಇಪ್ಪತ್ತಕ್ಕೂ ಹೆಚ್ಚು ಹೆಂಗಸರು ಸಾಲಾಗಿ ನಿಂತಿದ್ದರು. ಎಲ್ಲರೂ ಅವರ ಹಳೆಯ ವಿದ್ಯಾರ್ಥಿನಿಯರು, ಕೆಲವರ ಜೊತೆ ಬೆಳೆದ ಹೆಣ್ಣುಮಕ್ಕಳು. ಮೊಮ್ಮಗಳು ಅಜ್ಜಿಯ ಕೈ ಹಿಡಿದಿದ್ದಳು. ಕಿಟಕಿಯಲ್ಲಿ ಎಲ್ಲರ ಟಿಕೆಟ್ ತೆಗೆಯುತ್ತಿದ್ದವನು ಖಲ್ಫಾನ್. ನನ್ನನ್ನು ಕಂಡು ತಲೆಬಾಗಿ, ನನಗೂ ಒಂದು ಟಿಕೆಟ್ ಕೊಟ್ಟ.

ಟೀಚರ್ ಪರದೆಯ ಮುಂದೆ ನಿಲ್ಲಲಿಲ್ಲ, ಕಂಬದ ಕಡೆ ನೋಡಲಿಲ್ಲ. ನೇರವಾಗಿ ಮೂಲೆಯ ಕೋಣೆಗೆ ಹೋದರು. ಹಿಡಿಯುವಷ್ಟು ಜನ ಒಳಗೆ, ಉಳಿದವರು ಬಾಗಿಲಲ್ಲಿ. ಬಳೆಯ ಪಕ್ಕದಲ್ಲಿ ನಿಂತು ಅಜ್ಜಿಯ ಹೆಸರಿನಿಂದ ಶುರುಮಾಡಿದರು. ನೀರಿನ ಕೊಡ, ಕಂಬ, ಕಾಲಿನ ಕಬ್ಬಿಣ, ಮಹಡಿಯ ಕಾಫಿ, ಸುಟ್ಟ ಹಿಮ್ಮಡಿ, ಯಾವುದನ್ನೂ ಬಿಡಲಿಲ್ಲ. ಸಿರಿವಂತನ ಮನೆತನದ ಹೆಸರನ್ನೂ ಹೇಳಿದರು. ಕೇಳುತ್ತಿದ್ದವರಲ್ಲಿ ಆ ಮನೆತನದ ಸೊಸೆಯೊಬ್ಬಳಿದ್ದಳು. ಅವಳು ತಲೆ ತಗ್ಗಿಸಿದಳು, ಹೊರಗೆ ಹೋಗಲಿಲ್ಲ.

ನಡುವೆ ಮ್ಯೂಸಿಯಂನ ಕಾವಲುಗಾರ ಜನರನ್ನು ಸರಿಸಿಕೊಂಡು ಬಂದ. ಅನುಮತಿಯಿಲ್ಲದವರು ಇಲ್ಲಿ ಗೈಡ್ ಕೆಲಸ ಮಾಡುವ ಹಾಗಿಲ್ಲ ಎಂದು ಮೆಲ್ಲಗೆ ಹೇಳಿದ.

ಟೀಚರ್ ಕೈಯಲ್ಲಿದ್ದ ಟಿಕೆಟ್ ತೋರಿಸಿದರು. "ನಾನು ಗೈಡ್ ಅಲ್ಲಪ್ಪ, ಮೊಮ್ಮಗಳು" ಎಂದರು. ಅವನು ಅಲ್ಲೇ ನಿಂತು ಕೊನೆಯ ತನಕ ಕೇಳಿದ.

ಇದಾದ ಮೇಲೆ ಎರಡು ವರ್ಷ ನಾನು ಗ್ಯಾರೇಜು, ಗೋದಾಮುಗಳ ಛಾವಣಿ ನೋಡಿಕೊಂಡಿದ್ದು ನಿವೃತ್ತಳಾದೆ. ಈಗ ಧಾರವಾಡದಲ್ಲಿದ್ದೇನೆ. ಕನ್ಸರ್ವೇಶನ್ ಕಲಿಯುವ ಹುಡುಗ ಹುಡುಗಿಯರು ಆಗಾಗ ಪಾಠಕ್ಕೆ ಕರೆಯುತ್ತಾರೆ. ಅವರಿಗೆ ಹೇಳುವುದು ಇಷ್ಟೇ. ಬಿರುಕು ಬಿಟ್ಟ ಗೋಡೆಗೆ ಹೆದರಬೇಡಿ, ಅದು ತನ್ನ ಕಾಯಿಲೆಯನ್ನು ಎದುರಿಗೇ ಹೇಳುತ್ತಿರುತ್ತದೆ. ಹಳೆಯ ಗೋಡೆಯ ಮೇಲೆ ಯಾರಾದರೂ ಹೊಸದಾಗಿ, ನುಣ್ಣಗೆ ಸಿಮೆಂಟ್ ಮೆತ್ತಿದ್ದು ಕಂಡರೆ ಹತ್ತಿರ ಹೋಗಿ ಬೆರಳಿನಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಒಳಗೆ ಕೊಳೆಯುತ್ತಿದೆ ಎಂದು ಬರೆಯಿರಿ. ಬರೆದದ್ದಕ್ಕೆ ನಿಮ್ಮ ಹೆಸರನ್ನೇ ಹಾಕಿ. ಮೆತ್ತಿದವರು ಎಂಥ ಸೌಜನ್ಯದವರಾದರೂ ಸರಿ, ನಿಮ್ಮವರೇ ಆದರೂ ಸರಿ.